ಹೆಸರು ಬಾರದವನ ಅರಿವು

ಕುಮಟೆಯ ಪೇಟೆಯಲ್ಲಿ ‘ತಾರ್ಲೆ’ ಎಂದು ಕೊಂಡ ಮೀನನ್ನು ಕುಂದಾಪುರದವರ ಮುಂದಿಟ್ಟರೆ ಅವರು ಅದನ್ನು ‘ಬೈಗೆ’ ಎನ್ನುತ್ತಾರೆ. ಮಂಗಳೂರಿಗೆ ಹೋದರೆ ಅದೇ ‘ಬೂತಾಯಿ’ ಆಗುತ್ತದೆ. ದಾರಿಯಲ್ಲಿ ಎರಡು ಸಲ ಹೆಸರು ಬದಲಾಯಿತೆಂದು ಮೀನಿಗೇನೂ ಆಗಲಿಲ್ಲ; ಅದರ ಸಾರಿನ ರುಚಿಯೂ ಕೆಡಲಿಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆಯವರಿಗೆ ಇದು ಹೊಸ ಮಾತೇನೂ ಅಲ್ಲ. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಕೊಂಕಣಿ, ನವಾಯತಿ, ಉರ್ದು, ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ಪುಸ್ತಕದ ಕನ್ನಡ—ಇಷ್ಟೂ ನುಡಿಗಳ ನಡುವೆ ಒಂದೇ ವಸ್ತುವಿಗೆ ನಾಲ್ಕಾರು ಹೆಸರುಗಳಿರುವುದನ್ನು ಅವರು ಹುಟ್ಟಿದಂದಿನಿಂದ ಕೇಳುತ್ತಾ ಬಂದಿದ್ದಾರೆ. ವಸ್ತು ಬೇರೆ, ಹೆಸರು ಬೇರೆ ಎಂಬುದನ್ನು ಅವರಿಗೆ ಶಾಸ್ತ್ರ ಓದಿ ಹೇಳಬೇಕಾಗಿಲ್ಲ.

ಆದರೂ ನಮ್ಮೆಲ್ಲರ ಮನಸ್ಸಿನಲ್ಲಿ ಒಂದು ಭ್ರಮೆ ಬೇರೂರಿದೆ. ಕಾಣುವುದು, ಅರಿಯುವುದು, ಹೆಸರಿಸುವುದು—ಈ ಮೂರೂ ಒಂದೇ ಕ್ರಿಯೆಯೆಂದು ನಾವು ತಿಳಿದಿದ್ದೇವೆ. ಕಣ್ಣು ತೆರೆದೆವು, ಚೊಂಬು ಕಂಡಿತು, ‘ಚೊಂಬು’ ಎಂದೆವು. ಇದರಲ್ಲಿ ಮೂರು ಮೆಟ್ಟಿಲುಗಳಿವೆಯೆಂದು ಎಣಿಸಿದವರಾರು? ಆರೋಗ್ಯವಂತನು ಮೆಟ್ಟಿಲು ನೋಡದೆಯೇ ಅಟ್ಟ ಹತ್ತಿರುತ್ತಾನೆ. ಮೆಟ್ಟಿಲು ಮುರಿದವನಿಗೆ ಮಾತ್ರ ಅವು ಎಷ್ಟಿದ್ದವೆಂಬುದು ಗೊತ್ತಾಗುತ್ತದೆ. ಮಿದುಳಿನ ಕೆಲವು ರೋಗಗಳು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಮುರಿದು ತೋರಿಸಿವೆ. ಅವುಗಳ ವೃತ್ತಾಂತ ವೈದ್ಯರಿಗೆ ಸೇರಿದ್ದೆಂದು ನಾವು ಸುಮ್ಮನಿರುವಂತಿಲ್ಲ. ಬಲ್ಲವನು ಯಾರು, ಅರಿಯದವನು ಯಾರು ಎಂದು ನಾವು ದಿನವೂ ಕೊಡುತ್ತಿರುವ ತೀರ್ಪುಗಳನ್ನೇ ಅವು ಅಲುಗಿಸುತ್ತವೆ.

ಮೊದಲನೆಯ ಮೆಟ್ಟಿಲನ್ನು ನೋಡೋಣ. ೧೮೯೦ರಲ್ಲಿ ಲಿಸ್ಸಾವರ್ ಎಂಬ ಜರ್ಮನ್ ವೈದ್ಯನು ಎಂಬತ್ತು ವರ್ಷದ ಒಬ್ಬ ವ್ಯಾಪಾರಿಯ ವಿಚಾರವನ್ನು ಬರೆದು ಪ್ರಕಟಿಸಿದನು. ಆ ಮುದುಕನಿಗೆ ಕಣ್ಣು ಕಾಣುತ್ತಿತ್ತು. ಮುಂದಿಟ್ಟ ವಸ್ತುವನ್ನು ನೋಡಿ ಅದರ ಚಿತ್ರವನ್ನೂ ಒಂದು ಮಟ್ಟಿಗೆ ಬರೆಯಬಲ್ಲವನಾಗಿದ್ದನು. ಆದರೆ ಆ ವಸ್ತು ಏನೆಂಬುದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ. ಅದನ್ನೇ ಕೈಗೆ ಕೊಟ್ಟರೆ, ಅಥವಾ ಅದರ ಸದ್ದು ಕೇಳಿಸಿದರೆ, ಗುರುತು ಹತ್ತುತ್ತಿತ್ತು. ಆಕಾರವನ್ನು ಕೂಡಿಸಿಕೊಳ್ಳುವುದು ಒಂದು ಕೆಲಸ, ಆ ಆಕಾರಕ್ಕೆ ಅರ್ಥವನ್ನು ಜೋಡಿಸುವುದು ಇನ್ನೊಂದು ಕೆಲಸ ಎಂದು ಲಿಸ್ಸಾವರ್ ವಿಂಗಡಿಸಿದನು. ಮರುವರ್ಷ, ೧೮೯೧ರಲ್ಲಿ, ಸಿಗ್ಮಂಡ್ ಫ್ರಾಯ್ಡ್ ಇಂಥ ಸ್ಥಿತಿಗೆ ‘ಅಗ್ನೋಸಿಯಾ’ ಎಂಬ ಹೆಸರು ಕೊಟ್ಟನು. ‘ಅರಿಯದಿರುವಿಕೆ’ ಎಂದು ಅದರ ಅರ್ಥ. ಕುರುಡಲ್ಲ, ಮರೆವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಕಂಡದ್ದು ಅರಿವಿನ ಮನೆಗೆ ಹೋಗಿ ಮುಟ್ಟದ ಸ್ಥಿತಿ.

ವೈದ್ಯ ಮತ್ತು ಲೇಖಕರಾಗಿದ್ದ ಆಲಿವರ್ ಸ್ಯಾಕ್ಸ್ ೧೯೮೫ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಒಬ್ಬ ಸಂಗೀತದ ಅಧ್ಯಾಪಕರ ಕಥೆ ಹೇಳಿದ್ದಾರೆ. ಅವರ ಕೈಗೆ ಒಂದು ಗುಲಾಬಿ ಹೂ ಕೊಟ್ಟಾಗ ಅವರು ಅದರ ಬಣ್ಣವನ್ನೂ ಮಡಿಕೆಗಳನ್ನೂ ಹಸಿರು ಕಡ್ಡಿಯನ್ನೂ ಚೆನ್ನಾಗಿ ವರ್ಣಿಸಿದರು. ಹೂವೆಂದು ಮಾತ್ರ ನಿಶ್ಚಯವಾಗಿ ಹೇಳಲಾರದೆ ಹೋದರು. ಮೂಸಿ ನೋಡಿದೊಡನೆಯೇ ಅವರಿಗೆ ಗುಲಾಬಿ ಗುಲಾಬಿಯಾಯಿತು. ಭಟ್ಕಳದ ಮಲ್ಲಿಗೆಯನ್ನು ಬಲ್ಲವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬಾಳೆಯ ಎಲೆಯಲ್ಲಿ ಸುತ್ತಿ ಕಟ್ಟಿದ ಪೊಟ್ಟಣವನ್ನು ಬಿಚ್ಚುವ ಮೊದಲೇ ಒಳಗಿರುವುದೇನೆಂದು ಮೂಗು ಹೇಳಿಬಿಡುತ್ತದೆ. ಅರಿವಿನ ಮನೆಗೆ ಕಣ್ಣು ಒಂದೇ ಬಾಗಿಲಲ್ಲ. ಹೆಬ್ಬಾಗಿಲು ಮುಚ್ಚಿದ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋಗಬಹುದು.

ಇನ್ನೂ ಆಶ್ಚರ್ಯದ ಸಂಗತಿಯೊಂದಿದೆ. ೧೯೮೮ರಲ್ಲಿ ಒಬ್ಬ ತರುಣಿ ಇಂಗಾಲದ ಮಾನಾಕ್ಸೈಡಿನ ವಿಷಗಾಳಿಗೆ ಸಿಕ್ಕಿ ಬದುಕಿ ಉಳಿದಳು. ಆದರೆ ವಸ್ತುಗಳ ಆಕಾರವನ್ನು ಕಣ್ಣಿನಿಂದ ಹಿಡಿಯುವ ಶಕ್ತಿ ಅವಳಿಗೆ ಹೋಯಿತು. ಗುಡೇಲ್, ಮಿಲ್ನರ್ ಎಂಬ ವಿಜ್ಞಾನಿಗಳು ಅವಳ ಮುಂದೆ ಅಂಚೆಪೆಟ್ಟಿಗೆಯ ಬಾಯಿಯಂಥ ಒಂದು ಸೀಳನ್ನಿಟ್ಟು, ಅದು ಅಡ್ಡವಾಗಿದೆಯೋ ಉದ್ದವಾಗಿದೆಯೋ ಎಂದು ಕೇಳಿದರು. ಅವಳಿಗೆ ಹೇಳಲಾಗಲಿಲ್ಲ. ಒಂದು ಕಾರ್ಡು ಕೊಟ್ಟು ‘ಅದರೊಳಗೆ ಹಾಕು’ ಎಂದಾಗ, ಅವಳ ಕೈ ಸೀಳಿಗೆ ಸರಿಯಾಗಿ ತಿರುಗಿ ಕಾರ್ಡನ್ನು ಹಾಕಿಬಿಟ್ಟಿತು. ಅವಳು ಅರಿಯದ್ದನ್ನು ಅವಳ ಕೈ ಅರಿತಿತ್ತು! ೧೯೯೧ರಲ್ಲಿ ಪ್ರಕಟವಾದ ಈ ವರದಿಯ ಅನಂತರ, ಮಿದುಳಿನಲ್ಲಿ ವಸ್ತುವನ್ನು ಗುರುತಿಸುವ ದಾರಿ ಒಂದು, ಅದರೊಡನೆ ವ್ಯವಹರಿಸುವ ದಾರಿ ಇನ್ನೊಂದು ಎಂಬ ವಿಚಾರಕ್ಕೆ ಬಲ ಬಂದಿತು. ‘ನಾನು’ ಎಂದು ನಾವು ಹೇಳಿಕೊಳ್ಳುವ ಯಜಮಾನನಿಗೆ ತನ್ನ ಮನೆಯ ಎಲ್ಲ ಕೋಣೆಗಳ ಲೆಕ್ಕ ಗೊತ್ತಿಲ್ಲವೆಂದಾಯಿತು.

ಇನ್ನು ಮೂರನೆಯ ಮೆಟ್ಟಿಲು, ಹೆಸರು. ವಸ್ತುವಿನ ಗುರುತು ಪೂರ್ತಿಯಾಗಿದ್ದು, ಹೆಸರು ಮಾತ್ರ ಬಾರದಿರುವುದುಂಟು. ಇದಕ್ಕೆ ವೈದ್ಯರು ‘ಅನೋಮಿಯಾ’ ಎನ್ನುತ್ತಾರೆ. ಕನ್ನಡಕವನ್ನು ತೋರಿಸಿದರೆ ಇಂಥ ರೋಗಿಯು ಕಣ್ಣಿಗೆ ಇಟ್ಟುಕೊಂಡು ತೋರಿಸುತ್ತಾನೆ. ‘ಅದೇ… ಓದುವಾಗ… ಹಾಕ್ಕೊಳ್ಳೋದು…’ ಎನ್ನುತ್ತಾನೆ. ಮಾತು ಮಾತ್ರ ಸಿಗುವುದಿಲ್ಲ. ನಮಗೂ ಪರಿಚಿತರ ಹೆಸರು ಒಮ್ಮೊಮ್ಮೆ ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದಲ್ಲ, ಆ ಗಳಿಗೆಯ ಚಡಪಡಿಕೆಯನ್ನು ಇಡೀ ದಿನಕ್ಕೆ, ಇಡೀ ಮನೆಯ ಸಾಮಾನಿಗೆ ಹರಡಿಕೊಂಡರೆ ಅವನ ಪಾಡು ತಿಳಿದೀತು. ಕಣ್ಣಿನಿಂದ ಕಂಡಾಗ ಬಾರದ ಹೆಸರು ಕೈಯಿಂದ ಮುಟ್ಟಿದಾಗ ಬರುವ ವಿಚಿತ್ರವನ್ನು ಫ್ರಾಯಿಂಡ್ ಎಂಬ ವೈದ್ಯನು ೧೮೮೯ರಲ್ಲಿಯೇ ವರ್ಣಿಸಿದ್ದನು. ಇನ್ನೂ ಸೋಜಿಗವೆಂದರೆ, ವಾರಿಂಗ್ಟನ್ ಮತ್ತು ಶಾಲಿಸ್ ೧೯೮೪ರಲ್ಲಿ ವರದಿ ಮಾಡಿದ ನಾಲ್ವರು ರೋಗಿಗಳು ಜೀವವಿಲ್ಲದ ವಸ್ತುಗಳನ್ನು ಬಹುಮಟ್ಟಿಗೆ ಗುರುತಿಸಬಲ್ಲವರಾಗಿದ್ದರು. ಪ್ರಾಣಿಗಳಲ್ಲಿಯೂ ತಿನ್ನುವ ಪದಾರ್ಥಗಳಲ್ಲಿಯೂ ಸೋಲುತ್ತಿದ್ದರು. ಮಿದುಳಿನ ಉಗ್ರಾಣದಲ್ಲಿ ಸಾಮಾನುಗಳನ್ನು ಬೇರೆಬೇರೆ ಗೂಡುಗಳಲ್ಲಿ ಇಟ್ಟಂತೆ ಕಾಣುತ್ತದೆ. ಒಂದು ಗೂಡಿಗೆ ಗೆದ್ದಲು ಹಿಡಿದರೆ ಪಕ್ಕದ್ದು ಉಳಿದುಕೊಳ್ಳಬಹುದು.

ಹಲವು ನುಡಿಗಳ ನಮ್ಮ ಕರಾವಳಿಯಲ್ಲಿ ಈ ಮೂರನೆಯ ಮೆಟ್ಟಿಲಿಗೆ ವಿಶೇಷವಾದ ಅರ್ಥವಿದೆ. ಎರಡು ಮೂರು ಭಾಷೆ ಬಲ್ಲವನಿಗೆ ಮಿದುಳಿನ ಆಘಾತವಾದಾಗ ಎಲ್ಲ ಭಾಷೆಗಳೂ ಒಂದೇ ಅಳತೆಯಲ್ಲಿ ಕೆಡಬೇಕೆಂದಿಲ್ಲ. ಮೊದಲು ಕಲಿತದ್ದು ಕೊನೆಯವರೆಗೆ ಉಳಿಯುತ್ತದೆಂದು ೧೮೮೧ರಲ್ಲಿ ಫ್ರಾನ್ಸಿನ ರಿಬೋ ಬರೆದನು. ಅಲ್ಲ, ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಮರಳುತ್ತದೆಂದು ೧೮೯೫ರಲ್ಲಿ ಪಿತ್ರ್ ವಾದಿಸಿದನು. ಎರಡು ನಿಯಮಗಳಿಗೂ ಅಪವಾದಗಳು ಸಿಕ್ಕಿವೆ. ಅಂದಮೇಲೆ, ಆಸ್ಪತ್ರೆಯ ಮಂಚದ ಬಳಿ ನಿಂತು ಪುಸ್ತಕದ ಕನ್ನಡದಲ್ಲಿ ‘ಇದೇನು ಹೇಳಿ’ ಎಂದು ಕೇಳಿ, ಉತ್ತರ ಬಾರದಿದ್ದರೆ ‘ಇವರಿಗೆ ಏನೂ ತಿಳಿಯುತ್ತಿಲ್ಲ’ ಎಂದು ಬರೆದುಕೊಳ್ಳುವುದು ಸರಿಯೆ? ಆ ಹೆಸರು ತಾಯಿಯ ಕೊಂಕಣಿಯಲ್ಲಿಯೋ ಅಜ್ಜಿಯ ನವಾಯತಿಯಲ್ಲಿಯೋ ಬೆಚ್ಚಗೆ ಉಳಿದುಕೊಂಡಿರಬಹುದು.

ಅಕ್ಷರಗಳ ಮಾತು ಇದಕ್ಕಿಂತ ವಿಚಿತ್ರವಾದದ್ದು. ೧೮೮೭ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಒಬ್ಬ ವಿದ್ಯಾವಂತ ವರ್ತಕನಿಗೆ ಇದ್ದಕ್ಕಿದ್ದಂತೆ ಓದು ನಿಂತುಹೋಯಿತು. ಮಾತು ಸರಿಯಾಗಿತ್ತು, ಬುದ್ಧಿ ಸರಿಯಾಗಿತ್ತು, ವಸ್ತುಗಳ ಗುರುತೂ ಇತ್ತು. ಅಷ್ಟೇ ಅಲ್ಲ, ಅವನು ಮೊದಲಿನಂತೆ ಕಾಗದ ಬರೆಯಬಲ್ಲವನಾಗಿದ್ದನು. ತಾನು ಬರೆದದ್ದನ್ನು ಮಾತ್ರ ತಾನೇ ಓದಲಾರನು! ಅವನನ್ನು ಪರೀಕ್ಷಿಸಿದವನು ದೆಜೆರೀನ್ ಎಂಬ ವೈದ್ಯ. ೧೮೯೨ರಲ್ಲಿ ರೋಗಿಯು ತೀರಿಕೊಂಡಮೇಲೆ ಮಿದುಳನ್ನು ತೆರೆದು ನೋಡಿದಾಗ ಎಡಭಾಗದ ಹಿಂಬದಿಯ ದೃಷ್ಟಿಪ್ರದೇಶವೂ, ಮಿದುಳಿನ ಎರಡು ಹೋಳುಗಳನ್ನು ಕೂಡಿಸುವ ನರಸೇತುವೆಯ ಹಿಂತುದಿಯೂ ಕೆಟ್ಟಿದ್ದುವು. ಹೊನ್ನಾವರದವರಿಗೆ ಇದನ್ನು ಶರಾವತಿಯ ಉಪಮೆಯಿಂದ ಹೇಳಬಹುದು. ಸಾಮಾನು ಈಚೆಯ ದಡಕ್ಕೆ ಬಂದು ಬಿದ್ದಿದೆ; ಕೊಳ್ಳುವವನು ಆಚೆಯ ದಡದಲ್ಲಿ ಕಾದಿದ್ದಾನೆ; ನಡುವಣ ಸೇತುವೆ ಕುಸಿದಿದೆ. ಅಕ್ಷರದ ಆಕಾರ ಮಿದುಳಿನ ಬಲಭಾಗಕ್ಕೆ ಬರುತ್ತದೆ, ಅದನ್ನು ಓದಬಲ್ಲ ಎಡಭಾಗಕ್ಕೆ ದಾಟುವುದಿಲ್ಲ.

ಈ ‘ಶುದ್ಧ ಅಲೆಕ್ಸಿಯಾ’ ಪರದೇಶದ ಪುಸ್ತಕಗಳಿಗೆ ಮಾತ್ರ ಸೇರಿದ ರೋಗವೇನೂ ಅಲ್ಲ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದುಡಿದ ಪ್ರತಿಭಾ ಕಾರಂತರು, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಒಬ್ಬ ರೋಗಿಯಲ್ಲಿ ಕಂಡ ಶುದ್ಧ ಅಲೆಕ್ಸಿಯಾವನ್ನು ಕುರಿತು ೧೯೮೧ರಲ್ಲಿ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮ ಕನ್ನಡದ ಅಕ್ಷರವಾದರೋ ತಾನೇ ಒಂದು ಪುಟ್ಟ ಸಂಸಾರ. ವ್ಯಂಜನದ ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕಾಲಬುಡದಲ್ಲಿ ಒತ್ತು. ‘ಪ’ಕಾರದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ ‘ಷ’ಕಾರ. ಇಷ್ಟು ಸಣ್ಣ ಭೇದವನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಿಡಿದು, ಸಾಲಿನ ಮೇಲೆ ಸಾಲು ಓಡುತ್ತಾ ಹೋಗುವ ವಾಚಕ ಮಹಾಶಯರು ಈ ಪುಟವನ್ನು ಓದುತ್ತಿರುವಾಗಲೇ ಎಂಥ ಪವಾಡ ಮಾಡುತ್ತಿದ್ದಾರೆಂಬುದನ್ನು ಒಂದು ಗಳಿಗೆ ನೆನೆದುಕೊಳ್ಳಬಹುದು.

ಕೆನಡಾದ ಪತ್ತೇದಾರಿ ಕಾದಂಬರಿಕಾರ ಹೊವರ್ಡ್ ಎಂಗೆಲ್ ೨೦೦೧ರ ಒಂದು ಬೆಳಗ್ಗೆ ಎದ್ದು ದಿನಪತ್ರಿಕೆಯನ್ನು ಕೈಗೆತ್ತಿಕೊಂಡರು. ಅದು ಯಾವುದೋ ಪರಭಾಷೆಯಲ್ಲಿ ಅಚ್ಚಾದಂತೆ ಕಂಡಿತು. ಯಾರೋ ಗೆಳೆಯರು ಮಾಡಿದ ತಮಾಷೆಯಿರಬೇಕೆಂದುಕೊಂಡರು. ಆಗಿದ್ದುದು ಮಿದುಳಿನ ಆಘಾತ. ಬರೆಯುವ ಶಕ್ತಿ ಅವರಿಗೂ ಉಳಿದಿತ್ತು. ಕಣ್ಣಿಗೆ ಹತ್ತದ ಅಕ್ಷರವನ್ನು ನಾಲಗೆಯ ತುದಿಯಿಂದ ಬಾಯೊಳಗೇ ತಿದ್ದಿ ತಿದ್ದಿ ಗುರುತಿಸುವುದನ್ನು ಅವರು ಅಭ್ಯಾಸ ಮಾಡಿಕೊಂಡರು. ೨೦೦೫ರಲ್ಲಿ ಮತ್ತೆ ಒಂದು ಕಾದಂಬರಿಯನ್ನೂ ಹೊರತಂದರು. ನಮ್ಮಲ್ಲಿ ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ತಿದ್ದಿಸುವ ಪದ್ಧತಿಯುಂಟಷ್ಟೆ. ಅಕ್ಷರ ಕಣ್ಣಿಗಿಂತ ಮೊದಲು ಬೆರಳಿಗೆ ಬರಲಿ ಎಂದು ಅದನ್ನು ಆರಂಭಿಸಿದವರ ಉದ್ದೇಶವಿತ್ತೋ ಇಲ್ಲವೋ. ಕಣ್ಣಿನ ಓದು ಹೋದ ಕೆಲವರಿಗೆ ಬೆರಳಿನ ಓದೇ ಆಸರೆಯಾಗಿದೆ.

ಇಲ್ಲಿ ಒಂದು ಲೌಕಿಕ ಎಚ್ಚರಿಕೆ ಹೇಳಿ ಮುಂದೆ ಹೋಗುವುದು ಒಳ್ಳೆಯದು. ಇದ್ದಕ್ಕಿದ್ದಂತೆ ಅಕ್ಷರ ಅಪರಿಚಿತವಾಯಿತು, ಮಾತು ತಡವರಿಸಿತು, ಒಂದು ಬದಿಯ ನೋಟ ಮಾಯವಾಯಿತು ಎಂದರೆ ಕನ್ನಡಕದ ಅಂಗಡಿಗೆ ಹೋಗುವುದಲ್ಲ, ದೊಡ್ಡ ಆಸ್ಪತ್ರೆಗೆ ಓಡಬೇಕು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕುಮಟೆಯಿಂದ ಮಣಿಪಾಲಕ್ಕೆ ಸುಮಾರು ೧೫೦ ಕಿಲೋಮೀಟರು, ಭಟ್ಕಳದಿಂದ ಸುಮಾರು ೯೦. ‘ನಾಳೆ ನೋಡೋಣ’ ಎಂಬ ಒಂದು ಮಾತಿನಲ್ಲಿ ಆ ನಾಲ್ಕೂವರೆ ಗಂಟೆ ಕಳೆದುಹೋಗುತ್ತದೆ. ೨೦೨೨ರಲ್ಲಿ ಈ ಜಿಲ್ಲೆಯ ಜನ ತಮಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಕೂಗಿದ್ದರಲ್ಲಿ ಈ ದೂರದ ನೋವೂ ಸೇರಿತ್ತು.

ಹಾಗಾದರೆ ಹೆಸರಿಲ್ಲದ ಅರಿವು ಅರಿವೇ? ಈ ಪ್ರಶ್ನೆ ನಮ್ಮ ಹಿಂದಿನವರನ್ನು ಬಹಳವಾಗಿ ಕಾಡಿದೆ. ಶಬ್ದದ ನಂಟಿಲ್ಲದ ಜ್ಞಾನ ಲೋಕದಲ್ಲಿಯೇ ಇಲ್ಲವೆಂಬುದು ವೈಯಾಕರಣನಾದ ಭರ್ತೃಹರಿಯ ಪಕ್ಷ. ಬೌದ್ಧನಾದ ದಿಙ್ನಾಗನದು ತೀರ ಎದುರಿನ ಮಾತು: ಹೆಸರು, ಜಾತಿ ಮೊದಲಾದ ಕಲ್ಪನೆಗಳ ಜೋಡಣೆಯಿಲ್ಲದ್ದೇ ಪ್ರತ್ಯಕ್ಷ. ಮೀಮಾಂಸಕನಾದ ಕುಮಾರಿಲಭಟ್ಟನು ನಡುವೆ ನಿಂತು, ಮೊದಲು ಬರಿಯ ವಸ್ತುವಿನ ಆಲೋಚನಜ್ಞಾನವೊಂದು ಉಂಟಾಗುತ್ತದೆ, ಅದು ಶಿಶುವಿನ, ಮೂಕನ ಜ್ಞಾನದಂಥದು, ಅನಂತರ ಹೆಸರು ಜಾತಿಗಳಿಂದ ಕೂಡಿದ ಜ್ಞಾನ ಬರುತ್ತದೆ ಎಂದನು. ನೈಯಾಯಿಕರಂತೂ ಹೆಸರಿಗೂ ವಸ್ತುವಿಗೂ ಇರುವ ಸಂಬಂಧದ ತಿಳಿವಳಿಕೆಯನ್ನು ಬೇರೆ ಲೆಕ್ಕಕ್ಕೆ ಹಿಡಿದು, ಅದಕ್ಕೆ ‘ಉಪಮಾನ’ವೆಂಬ ಪ್ರತ್ಯೇಕ ಪ್ರಮಾಣವನ್ನೇ ಕೊಟ್ಟರು. ‘ಗವಯವೆಂಬ ಪ್ರಾಣಿ ಹಸುವಿನಂತಿರುತ್ತದೆ’ ಎಂದು ಕೇಳಿದ್ದ ಪಟ್ಟಣಿಗನು ಕಾಡಿಗೆ ಹೋದಾಗ ಅಂಥದೊಂದು ಪ್ರಾಣಿಯನ್ನು ಕಾಣುತ್ತಾನೆ. ‘ಓಹೋ, ಗವಯವೆಂಬ ಹೆಸರು ಇದಕ್ಕೇ’ ಎಂದು ತಿಳಿಯುತ್ತಾನೆ. ಪ್ರಾಣಿ ಕಂಡದ್ದು ಬೇರೆ, ಹೆಸರು ಕೂಡಿದ್ದು ಬೇರೆ.

ಮಿದುಳಿನ ರೋಗಗಳು ಈ ಹಳೆಯ ವ್ಯಾಜ್ಯವನ್ನು ಪೂರ್ತಿಯಾಗಿ ತೀರಿಸಿಬಿಟ್ಟವೆಂದು ಹೇಳುವುದು ಸಾಹಸವಾದೀತು. ಭರ್ತೃಹರಿಯ ಮಾತು ಇನ್ನೂ ಸೂಕ್ಷ್ಮವಾದ ಶಬ್ದತತ್ತ್ವವನ್ನು ಕುರಿತದ್ದೆಂದು ಅವನ ಕಡೆಯವರು ಹೇಳಬಹುದು. ಆದರೆ ನಾಲಗೆಗೆ ಬರುವ ಹೆಸರೇ ಅರಿವಿನ ಅಳತೆಗೋಲೆಂಬ ನಮ್ಮ ನಿತ್ಯದ ನಂಬಿಕೆಗೆ ಮಾತ್ರ ಇವು ಪೆಟ್ಟು ಕೊಟ್ಟಿವೆ. ಕನ್ನಡಕದ ಹೆಸರು ಹೇಳಲಾರದೆ ಅದನ್ನು ಸರಿಯಾಗಿ ಕಣ್ಣಿಗೇರಿಸಿಕೊಂಡವನು ಕನ್ನಡಕವನ್ನು ಅರಿಯನೆಂದು ಹೇಳುವ ಧೈರ್ಯ ಯಾರಿಗಿದೆ?

ಧೈರ್ಯವಿದೆ, ನಮ್ಮ ಮನೆಗಳಲ್ಲಿಯೇ ಇದೆ. ಪಾರ್ಶ್ವವಾಯು ಬಡಿದು ಎದ್ದ ಹಿರಿಯರ ಸುತ್ತ ನೆಂಟರು ಸೇರಿದಾಗ ನಡೆಯುವುದೇನು? ‘ಅಜ್ಜ, ನಾ ಯಾರು ಹೇಳು ನೋಡ್ವ?’ ‘ಇದು ಎಂತದು ಹೇಳು?’ ಎಂದು ಒಬ್ಬೊಬ್ಬರಾಗಿ ಪರೀಕ್ಷೆ ಮಾಡುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟತನವಿಲ್ಲ, ಪ್ರೀತಿಯೇ ಇದೆ. ಆದರೆ ನಲವತ್ತು ವರ್ಷ ಮನೆ ನಡೆಸಿದವರು ಮೊಮ್ಮಕ್ಕಳ ಮುಂದೆ ಚಮಚದ ಹೆಸರು ಹೇಳಲಾರದೆ ತಲೆ ತಗ್ಗಿಸಬೇಕಾಗುತ್ತದೆ. ಒಂದೆರಡು ಸಲ ತಪ್ಪಿದರೆ ಮನೆಯವರ ಮಾತಿನ ರೀತಿಯೇ ಬದಲಾಗುತ್ತದೆ. ಅವರ ಎದುರಿನಲ್ಲಿಯೇ ಅವರನ್ನು ಕುರಿತು, ಅವರು ಅಲ್ಲಿಲ್ಲವೆಂಬಂತೆ ಮಾತಾಡತೊಡಗುತ್ತಾರೆ. ತೋಟದ ವಿಚಾರ, ಮದುವೆಯ ವಿಚಾರ ಒಂದನ್ನೂ ಅವರಿಗೆ ಹೇಳುವುದಿಲ್ಲ. ರೋಗ ಅವರಿಂದ ಕೆಲವು ಶಬ್ದಗಳನ್ನು ಕಸಿದುಕೊಂಡಿತು. ಮನೆಯ ಮಾತುಕತೆಯಲ್ಲಿ ಅವರಿಗಿದ್ದ ಪಾಲನ್ನು ಕಸಿದುಕೊಂಡವರು ನಾವು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ; ಅದನ್ನು ಮರೆಮಾಡುವುದು ನ್ಯಾಯವಲ್ಲ. ದೆಜೆರೀನನ ರೋಗಿಯಂಥವರ ಮುಂದೆ ಒಂದು ಪಾಲುಪಟ್ಟಿಯನ್ನೋ ಕ್ರಯಪತ್ರವನ್ನೋ ಇಟ್ಟರೆಂದು ಇಟ್ಟುಕೊಳ್ಳಿ. ಅವರು ಸೊಗಸಾಗಿ ಸಹಿ ಹಾಕುತ್ತಾರೆ. ಆದರೆ ಪತ್ರದ ಒಂದು ಸಾಲನ್ನೂ ಓದಲಾರರು. ಸಹಿ ಅವರದೇ, ಒಪ್ಪಿಗೆಯೂ ಅವರದೇ ಆಯಿತೆ? ಬ್ಯಾಂಕಿನ ಗುಮಾಸ್ತನಿಗೆ ಸಹಿ ತಾಳೆಯಾದರೆ ಸಾಕು. ‘ಹೇಗೂ ಅವರಿಗೆ ತಿಳಿಯುತ್ತದೆ’ ಎಂದು ಕಣ್ಣುಮುಚ್ಚಿ ನಂಬುವುದು ‘ಅವರಿಗೇನೂ ತಿಳಿಯದು’ ಎನ್ನುವುದರಷ್ಟೇ ಅನ್ಯಾಯಕ್ಕೆ ದಾರಿಯಾಗಬಹುದು. ಹಳೆಯ ಕಾಲದ ಪತ್ರಗಳ ಕೊನೆಯಲ್ಲಿ ‘ಓದಿಸಿ ಕೇಳಿ ಒಪ್ಪಿ’ ಎಂದು ಬರೆಯುವ ವಾಡಿಕೆಯಿತ್ತು. ಅಕ್ಷರ ಬಾರದವರಿಗಾಗಿ ಹುಟ್ಟಿದ ಆ ಮಾತಿನಲ್ಲಿ ಎಷ್ಟು ವಿವೇಕವಿದೆ! ಕಣ್ಣಿನ ದಾರಿ ಮುಚ್ಚಿದ್ದರೆ ಕಿವಿಯ ದಾರಿಯಿಂದ ತಿಳಿಸು, ತಿಳಿಯಿತೆಂದು ಖಾತ್ರಿಮಾಡಿಕೋ, ಆಮೇಲೆ ಒಪ್ಪಿಗೆ ಕೇಳು. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಇದೇ ದಾರಿಯಲ್ಲಿದೆ. ಮಿದುಳಿನ ಆಘಾತದಿಂದ ಶಾಶ್ವತವಾಗಿ ಮಾತು ಕೆಟ್ಟವರನ್ನು ಅದು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ; ಕಾನೂನಿನ ಮುಂದೆ ಅವರಿಗೂ ಉಳಿದವರಷ್ಟೇ ಅಧಿಕಾರವಿದೆಯೆಂದು ಹೇಳಿದೆ; ಪಾಲಕರನ್ನು ನೇಮಿಸಬೇಕಾಗಿ ಬಂದರೂ ಪಾಲಕರೂ ಅವರೂ ಪರಸ್ಪರ ವಿಶ್ವಾಸದಿಂದ ಕೂಡಿ ತೀರ್ಮಾನ ಮಾಡಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. ಅವರ ಬದಲಿಗೆ ತೀರ್ಮಾನಿಸುವುದು ಸುಲಭ. ಅವರೊಡನೆ ತೀರ್ಮಾನಿಸುವುದಕ್ಕೆ ತಾಳ್ಮೆ ಬೇಕು.

ಅಕ್ಷರ ಬಾರದವರ ಮಾತು ಬಂದದ್ದರಿಂದ ನೆರೆಯ ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಬೇಕು. ಹಾಲಕ್ಕಿ ಸಮುದಾಯದ ಈ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಡಿನ ಗಿಡಮರಗಳ ಬೀಜ, ಅದನ್ನು ಆಯುವ ಕಾಲ, ಸಸಿಯ ಸ್ವಭಾವ ಎಲ್ಲವೂ ಅವರಿಗೆ ಕರತಲಾಮಲಕವಾಗಿತ್ತು. ೨೦೨೦ನೆಯ ಸಾಲಿನ ಪದ್ಮಶ್ರೀ ಅವರಿಗೆ ಸಂದಿತು. ೨೦೨೪ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿ ಕಾಡಿಗೆ ಹೋದಾಗ ಎದುರಿಗಿರುವ ಮರವನ್ನು ಗುರುತಿಸಲಾರದ ಪದವೀಧರನಿಗೂ ಅವರಿಗೂ ಇರುವ ಅಂತರವೇನು? ಒಬ್ಬರಿಗೆ ಅಕ್ಷರವಿಲ್ಲದೆ ಅರಿವಿತ್ತು. ಇನ್ನೊಬ್ಬನಿಗೆ ಅರಿವಿಲ್ಲದೆ ಹೆಸರಿದೆ. ಎರಡನೆಯದಕ್ಕೆ ವೈದ್ಯರು ಇನ್ನೂ ರೋಗದ ಹೆಸರನ್ನು ಕೊಟ್ಟಿಲ್ಲ, ಅಷ್ಟೆ.

ಆ ಎರಡನೆಯ ರೋಗ ನಮ್ಮಂಥ ಆರೋಗ್ಯವಂತರದು. ರೋಗಿಗೆ ವಸ್ತು ಕಾಣುತ್ತದೆ, ಹೆಸರು ಬರುವುದಿಲ್ಲ. ನಮಗೆ ಹೆಸರು ಬಂದುಬಿಡುತ್ತದೆ, ಅದರಿಂದಾಗಿಯೇ ವಸ್ತು ಕಾಣುವುದಿಲ್ಲ. ‘ಭಟ್ಕಳ’ ಎಂಬ ಮೂರು ಅಕ್ಷರಗಳನ್ನೇ ತೆಗೆದುಕೊಳ್ಳಿ. ವಿಜಯನಗರದ ಅರಸರ ಕಾಲದಲ್ಲಿ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಅದು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಖೇತಪೈ ನಾರಾಯಣನ ಕಲ್ಲಿನ ಗುಡಿ, ಹಳೆಯ ಮಸೀದಿಗಳು ಒಂದೇ ಪೇಟೆಯ ಸುತ್ತ ನಿಂತಿವೆ. ನವಾಯತರ ಮನೆಮಾತ ಕೊಂಕಣಿಯ ಬಳಗದ್ದು. ಆದರೆ ೧೯೯೩ರ ಗಲಭೆಗಳ ಅನಂತರ, ಕೆಲವರ ಅಪರಾಧದ ಸುದ್ದಿಗಳು ದೊಡ್ಡಕ್ಷರದಲ್ಲಿ ಅಚ್ಚಾದ ಅನಂತರ, ದೂರದ ಪಟ್ಟಣಗಳ ಓದುಗನಿಗೆ ಊರಿನ ಹೆಸರು ಕೇಳಿದೊಡನೆ ಊರು ಕಾಣದಂತಾಯಿತು. ಭಟ್ಕಳದ ಹುಡುಗನೊಬ್ಬನು ಬೆಂಗಳೂರಿಗೋ ಮುಂಬಯಿಗೋ ಹೋಗಿ ಬಾಡಿಗೆಗೆ ಕೋಣೆ ಕೇಳಿದರೆ, ಮನೆಯ ಯಜಮಾನನು ಅವನ ಮುಖವನ್ನು ನೋಡುವ ಮೊದಲೇ ಊರಿನ ಹೆಸರನ್ನು ಓದಿ ಮುಗಿಸಿರುವುದುಂಟು. ಅಗ್ನೋಸಿಯಾದ ರೋಗಿಯಾದರೂ ‘ಇದೇನೆಂದು ನನಗೆ ತಿಳಿಯುತ್ತಿಲ್ಲ’ ಎಂದು ಕಳವಳಪಡುತ್ತಾನೆ. ಈ ಯಜಮಾನನಿಗೆ ಆ ಕಳವಳವೂ ಇಲ್ಲ. ರೋಗಿಯ ಅರಿವನ್ನು ಅವನು ಹೇಳಲಾರದ ಹೆಸರಿನಿಂದ ಅಳೆಯುವುದೂ, ಮನುಷ್ಯನನ್ನು ನಾವು ಅಂಟಿಸಿದ ಹೆಸರಿನಿಂದ ಅಳೆಯುವುದೂ ಒಂದೇ ತಪ್ಪಿನ ಎರಡು ಮುಖಗಳು.

ಕೊನೆಯದಾಗಿ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆಯೊಂದು ಉಳಿಯುತ್ತದೆ. ಹೆಸರಲ್ಲ, ಗುರುತೇ ಹೋದರೆ? ೧೯೪೭ರಲ್ಲಿ ಬೋಡಾಮರ್ ಎಂಬ ಜರ್ಮನ್ ವೈದ್ಯನು ಮಿದುಳಿಗೆ ಪೆಟ್ಟುಬಿದ್ದು ಮುಖಗಳನ್ನು ಗುರುತಿಸಲಾರದೆ ಹೋದವರ ವಿಚಾರ ಬರೆದನು. ಕೆಲವರಿಗೆ ಹೆಂಡತಿ ಮಕ್ಕಳ ಮುಖವೂ, ಕನ್ನಡಿಯಲ್ಲಿ ತಮ್ಮ ಮುಖವೂ ಅಪರಿಚಿತವಾಗುತ್ತದೆ. ದನಿ, ನಡಿಗೆ, ಉಡುಪುಗಳಿಂದ ಅವರು ಜನರನ್ನು ಹಿಡಿಯುತ್ತಾರೆ. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಯಕ್ಷಗಾನದ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿಯೆಲ್ಲ ಕಿರೀಟ, ಚಂಡೆಯ ಪೆಟ್ಟು, ದನಿಗಳಿಂದ ಕೌರವನನ್ನು ದೂರದಿಂದಲೇ ಗುರುತಿಸಿದ ಪ್ರೇಕ್ಷಕರು, ಬೆಳಗ್ಗೆ ವೇಷ ಕಳಚಿ ಬಸ್ಸಿಗೆ ಕಾದು ನಿಂತ ಅದೇ ಕೌರವನ ಪಕ್ಕದಲ್ಲಿ ಸುಮ್ಮನೆ ಹಾದುಹೋಗುತ್ತಾರೆ. ಮುಖದ ಗುರುತು ಹೋದವರಿಗೆ ಲೋಕದವರೆಲ್ಲರೂ ಬೆಳಗಿನ ಕೌರವರು.

ಅಂಥವರು ನಮ್ಮನ್ನು ಗುರುತಿಸದಿದ್ದಾಗ ನಮಗೆ ನೋವಾಗುತ್ತದೆ. ಹೆತ್ತ ಮಗನನ್ನು ನೋಡಿ ತಾಯಿ ‘ಯಾರಪ್ಪ ನೀನು’ ಎಂದರೆ ಯಾವ ತತ್ತ್ವಶಾಸ್ತ್ರವೂ ಆ ನೋವನ್ನು ಅಳಿಸದು. ಆದರೆ ಸಂಬಂಧವೆಂಬುದು ಇಬ್ಬರು ಹೊತ್ತ ಹೊರೆ. ಒಬ್ಬರ ಹೆಗಲು ಸೋತರೆ ಇನ್ನೊಬ್ಬರು ಹೊರೆಯನ್ನು ನೆಲಕ್ಕೆ ಹಾಕಿ ಹೋಗಬೇಕೆಂದಿಲ್ಲ. ‘ಅವಳಿಗೆ ನಾನು ಯಾರೆಂದು ತಿಳಿಯದು, ಅವಳು ಯಾರೆಂದು ನನಗೆ ತಿಳಿದಿದೆ’ ಎಂದು ಹೇಳಬಲ್ಲ ಮಗನು, ತಾಯಿ ಮಾಡಲಾರದ ಕೆಲಸವನ್ನೂ ತಾನೇ ಮಾಡುತ್ತಿರುತ್ತಾನೆ. ಪರೀಕ್ಷೆಯ ಪ್ರಶ್ನೆಯನ್ನು ಬಿಟ್ಟು ‘ಅಮ್ಮಾ, ನಾನು ಬಂದಿದ್ದೇನೆ’ ಎಂದು ತಾನೇ ಮೊದಲು ದನಿಗೊಟ್ಟರೆ ಎಷ್ಟೋ ಸಲ ಕಿವಿ ಕಣ್ಣಿನ ಕೆಲಸವನ್ನು ಮಾಡಿಬಿಡುತ್ತದೆ.

ದುಷ್ಯಂತನ ಆಸ್ಥಾನದಲ್ಲಿ ಶಕುಂತಲೆ ನಿಂತ ಕಥೆ ನಮಗೆಲ್ಲ ಗೊತ್ತು. ಅವಳ ಹೆಸರು ಹೇಳಿದರು, ಮುಖ ತೋರಿಸಿದರು. ರಾಜನಿಗೆ ಗುರುತು ಹತ್ತಲಿಲ್ಲ. ಋಷಿಕುಮಾರರು ವಾದಿಸಿ ಸೋತರು. ಕೊನೆಗೆ ನೆನಪಿನ ಬಾಗಿಲು ತೆರೆದದ್ದು ಒಂದು ಉಂಗುರದಿಂದ. ಅದು ಸಿಕ್ಕಿದ್ದು ಮೀನಿನ ಹೊಟ್ಟೆಯಲ್ಲಿ. ತಂದವನು ಒಬ್ಬ ಬೆಸ್ತ. ಅವನನ್ನೂ ರಾಜಭಟರು ಮೊದಲು ಕಳ್ಳನೆಂದೇ ಕರೆದು ಹೊಡೆದರು! ಗುರುತು ತಪ್ಪಿದ ಹಿರಿಯರಿರುವ ಪ್ರತಿಯೊಂದು ಮನೆಯಲ್ಲಿಯೂ ಅಂಥದೊಂದು ಉಂಗುರ—ಹಳೆಯ ಹಾಡೋ, ಮಲ್ಲಿಗೆಯ ವಾಸನೆಯೋ, ಬಾಲ್ಯದ ನುಡಿಯ ಒಂದು ಶಬ್ದವೋ—ಎಲ್ಲಿಯಾದರೂ ಬಿದ್ದಿರಬಹುದು. ಸಿಕ್ಕೇ ಸಿಗುತ್ತದೆಂದು ಯಾರೂ ಭಾಷೆ ಕೊಡಲಾರರು. ಹುಡುಕುವುದು ಮಾತ್ರ ಗುರುತು ಉಳಿದಿರುವವರ ಕೆಲಸ.